ಮಗನ ಸರ್ಟಿಫಿಕೇಟ್ ನವೀಕರಣ: ಪರೀಕ್ಷೆ ನಮ್ಮ ಭಾಷೆಯಲ್ಲಿ ಮಾಡಿ ಅಂತ ಕೇಳಬಹುದಾ?

ನೀರ್ಚಾಲು ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಬೇಡಿ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಹತ್ತಿರ. ಮನೆಯಲ್ಲಿ ತುಳು. ಮಗ ಕನ್ನಡ ಮಾಧ್ಯಮದಲ್ಲಿ ನಾಲ್ಕನೇ ಕ್ಲಾಸು. ಬೌದ್ಧಿಕ ಅಂಗವೈಕಲ್ಯ ಅಂತ ಸರ್ಟಿಫಿಕೇಟ್ ಉಂಟು, ಶೇಕಡಾ 75. ಅವನಿಗೆ ಆರು ವರ್ಷ ಇದ್ದಾಗ ಮಾಡಿಸಿದ್ದು. ಹತ್ತು ತುಂಬುವಾಗ ಮತ್ತೆ ಪರೀಕ್ಷೆ ಮಾಡಿಸಬೇಕು ಅಂತ ಅದರಲ್ಲೇ ಬರೆದಿದ್ದಾರೆ. ಈ ಮಳೆಗಾಲ ಕಳೆದರೆ ಹತ್ತು.

ಅವತ್ತಿನ ಪರೀಕ್ಷೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಒಂದು ಮರದ ಹಲಗೆ, ಅದರಲ್ಲಿ ಗುಂಡಿಗಳು. ನಕ್ಷತ್ರ, ಚೌಕ, ಅರ್ಧಚಂದ್ರ ಎಲ್ಲ ಸರಿಯಾದ ಗುಂಡಿಗೆ ಹಾಕಬೇಕು. ಅದನ್ನು ಅವನು ಚಕಚಕ ಅಂತ ಮುಗಿಸಿದ. ಆಮೇಲೆ ಮೇಡಂ ಮಲಯಾಳದಲ್ಲಿ ಕೇಳಲಿಕ್ಕೆ ಶುರು ಮಾಡಿದರು. ಕೆಂಪು ಮರದ ತುಂಡನ್ನು ಲೋಟದಲ್ಲಿ ಹಾಕು, ಚಿತ್ರದಲ್ಲಿ ಇರುವುದು ಎಂತ, ಹೀಗೆ. ಅವನು ನನ್ನ ಮುಖ ನೋಡಿದ. ನಾನು ತುಳುವಿನಲ್ಲಿ ಹೇಳಿದ ಕೂಡಲೇ 'ಅಮ್ಮ ಹೇಳಿಕೊಡಬಾರದು' ಅಂದರು. ಅಲ್ಲಿಗೆ ಅವನು ಬಾಯಿ ಮುಚ್ಚಿದ, ಮತ್ತೆ ತೆರೆಯಲಿಲ್ಲ. ನನ್ನ ಹತ್ತಿರವೂ ಅವನ ಬಗ್ಗೆ ತುಂಬಾ ಪ್ರಶ್ನೆ ಕೇಳಿದರು. ನನಗೆ ಬರುವ ಮಲಯಾಳ ಬಸ್ಸಿಗೂ ಅಂಗಡಿಗೂ ಸಾಕು, ಅಷ್ಟೇ. ಅರ್ಥ ಆದದ್ದಕ್ಕೆ ಉತ್ತರ ಹೇಳಿದೆ. ಮೇಡಂ ಒಳ್ಳೆಯವರೇ, ಹೊರಗೆ ಉದ್ದ ಕ್ಯೂ ಇತ್ತು, ಅವರನ್ನೇ ದೂರಿ ಏನು ಪ್ರಯೋಜನ.

ಈಗ ಮಗ ತಾನೇ ಸ್ನಾನ ಮಾಡುತ್ತಾನೆ, ಬೆಳಿಗ್ಗೆ ಒಬ್ಬನೇ ಡೈರಿಗೆ ಹೋಗಿ ಹಾಲು ಕೊಟ್ಟು ಚೀಟಿ ತರುತ್ತಾನೆ. ಅಜ್ಜನ ಅಂಗಡಿಯಲ್ಲಿ ಸೋಡಾ ಬಾಟ್ಲಿ ಎಣಿಸಿ ಕ್ರೇಟಿಗೆ ಇಡುತ್ತಾನೆ. 24ಕ್ಕೆ ಒಂದು ಕಡಿಮೆ ಇದ್ದರೂ ಅವನಿಗೆ ಗೊತ್ತಾಗುತ್ತದೆ. ಓದು ಕಷ್ಟ, ಅದು ಬೇರೆ ಮಾತು.

ಈಗ ಶಾಲೆಯಲ್ಲಿ '75 ಪರ್ಸೆಂಟ್ ಅಂತ ಇದೆಯಲ್ಲ, ಐದನೆಯಿಂದ ವಿಶೇಷ ಮಕ್ಕಳ ಬಡ್ಸ್ ಶಾಲೆಗೆ ಹಾಕಿ, ಅಲ್ಲಿ ಅವನಿಗೆ ಒಳ್ಳೆಯದು' ಅಂತ ಹೇಳುತ್ತಿದ್ದಾರೆ. ನನಗೆ ಅವನು ಅಕ್ಕಪಕ್ಕದ ಮಕ್ಕಳ ಜೊತೆ ಇಲ್ಲೇ ಇರಬೇಕು ಅಂತ ಆಸೆ. ಮತ್ತೆ ಪರೀಕ್ಷೆ ಮಾಡುವಾಗ ಕನ್ನಡ ಅಥವಾ ತುಳು ಬರುವವರು ಬೇಕು ಅಂತ ಕೇಳುವ ಹಕ್ಕು ನಮಗೆ ಉಂಟಾ? ಪರ್ಸೆಂಟ್ ಕಡಿಮೆ ಬಂದರೆ ಪೆನ್ಶನ್ ಹೋಗುತ್ತದಾ? ನೆರೆಮನೆಯವರು 'ಜಾಸ್ತಿ ಇದ್ದರೆ ಒಳ್ಳೆಯದಲ್ವಾ, ಸುಮ್ನಿರು' ಅನ್ನುತ್ತಾರೆ. ನನಗೆ ಆಚೆಗೂ ಇಲ್ಲ ಈಚೆಗೂ ಇಲ್ಲ ಅಂತ ಆಗಿದೆ.

———

ರಿಟೈರ್ಡ್ ಟೀಚರ್, ಕುಂಬಳೆ:

ಮೊದಲು ಶಾಲೆಯ ವಿಷಯ ಹೇಳುತ್ತೇನಮ್ಮ. ಶಾಲೆಯವರಿಗೆ ಸಲಹೆ ಕೊಡಬಹುದು, ಕಳಿಸಲಿಕ್ಕೆ ಆಗುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉಂಟಲ್ಲ, ಅದರ 31ನೇ ಸೆಕ್ಷನ್ ನೋಡಿ. ಶೇಕಡಾ 40 ಅಥವಾ ಅದಕ್ಕಿಂತ ಜಾಸ್ತಿ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕು ಇದೆ. ಯಾವುದು ಬೇಕು ಅಂತ ಆರಿಸುವುದು ಮಗುವಿನ ಕಡೆಯವರು. 75 ಇದ್ದರೂ ಅಷ್ಟೇ, 90 ಇದ್ದರೂ ಅಷ್ಟೇ. ಇಷ್ಟು ಪರ್ಸೆಂಟ್ ಮೇಲೆ ಇದ್ದರೆ ಮಾಮೂಲಿ ಶಾಲೆಗೆ ಬರಬಾರದು ಅಂತ ಎಲ್ಲಿಯೂ ಬರೆದಿಲ್ಲ.

ಬಡ್ಸ್ ಶಾಲೆಗಳ ಬಗ್ಗೆ ಕೆಟ್ಟ ಮಾತು ಹೇಳಲಾರೆ. ಪಂಚಾಯತ್ ಮತ್ತು ಹೆಂಗಸರ ಸಂಘಗಳ ಕುಟುಂಬಶ್ರೀ ಸೇರಿ ನಡೆಸುವುದು. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಕ್ಕಳಿಗೆ, ಮನೆಯ ಕೋಣೆಯಿಂದ ಹೊರಗೆ ಬರಲಿಕ್ಕೆ ಅದೊಂದೇ ದಾರಿ ಆಗಿತ್ತು. ಎದ್ದು ಕೂರಲಾಗದ ಮಗುವಿಗೆ, ತಾಯಿ ಹಗಲಿಗೆ ಕೂಲಿಗೆ ಹೋಗಬೇಕಾದ ಮನೆಗೆ ಅದು ದೊಡ್ಡ ಆಸರೆ. ಆದರೆ ಡೈರಿಗೆ ಒಬ್ಬನೇ ಹೋಗುವ ಹುಡುಗನಿಗೆ? ಮಾಮೂಲಿ ಶಾಲೆಯವರಿಗೆ ಕಷ್ಟ ಆಗುತ್ತದೆ ಅಂತ ಅವನನ್ನು ಅಲ್ಲಿಗೆ ಸಾಗಿಸುವುದಾದರೆ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು. ನಾನು ವಿಶೇಷ ಮಕ್ಕಳ ರಿಸೋರ್ಸ್ ಟೀಚರಾಗಿ ಶಾಲೆಯಿಂದ ಶಾಲೆಗೆ ತಿರುಗಿದವಳು. ನಮಗೆ ಬರುತ್ತಿದ್ದ ಕೈಪಿಡಿ, ಚಿತ್ರದ ಕಾರ್ಡು, ಫಾರಂ ಎಲ್ಲ ಮಲಯಾಳದ್ದು. ರಾತ್ರಿ ಕೂತು ಕಾರ್ಡಿನ ಹಿಂದೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಕನ್ನಡ ಗೊತ್ತಿಲ್ಲದ ಟೀಚರು ಕನ್ನಡ ಶಾಲೆಗೆ ಬಂದರೆ ಏನು ಮಾಡಿಯಾರು, ಪಾಪ? ಮಗುವಿಗೆ ಬಣ್ಣ ಹಚ್ಚಲಿಕ್ಕೆ ಕೊಟ್ಟು ಹೋಗುತ್ತಿದ್ದರು. ವರ್ಷದ ಕೊನೆಗೆ 'ಪ್ರಗತಿ ಕಡಿಮೆ' ಅಂತ ಬರೆದು ಆಯಿತು. ಮಾತೃಭಾಷೆಯಲ್ಲಿ ಪಾಠ ಆಗಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ, 'ಸಾಧ್ಯವಾದಷ್ಟು ಮಟ್ಟಿಗೆ' ಅಂತ ಒಂದು ಬಾಲ ಸೇರಿಸಿದ್ದಾರೆ. ಆ ಬಾಲ ಹಿಡಿದುಕೊಂಡೇ ಎಲ್ಲರೂ ಜಾರಿಕೊಳ್ಳುವುದು.

ನೀವು ಮುಂದಿನ ವರ್ಷ ಏನೇನು ಕಲಿಸುತ್ತೀರಿ ಅಂತ ಶಾಲೆಯಿಂದ ಬರವಣಿಗೆಯಲ್ಲಿ ಕೇಳಿ. ವಿಶೇಷ ಅಗತ್ಯದ ಮಕ್ಕಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಯೋಜನೆ ಮಾಡಬೇಕು. ಅದರಲ್ಲಿ ಸೋಡಾ ಬಾಟ್ಲಿಯ ಲೆಕ್ಕ ಬರಲಿ. 24 ಎಣಿಸುವವನಿಗೆ ಒಂದರಿಂದ ಐದು ತಿದ್ದಿಸುತ್ತಾ ಕೂರುವುದು ಯಾವ ನ್ಯಾಯ?

———

ಎಣ್ಮಕಜೆಯವ:

ಟೀಚರ್ ಹೇಳಿದ್ದು ಸರಿ, ಕಾನೂನಿನಲ್ಲಿ ಎಲ್ಲ ಉಂಟು. ಆದರೆ ಅಕ್ಕ, ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ಪರ್ಸೆಂಟನ್ನು ನೀವೇ ಕೈಯಾರೆ ಇಳಿಸಲಿಕ್ಕೆ ಹೋಗಬೇಡಿ.

ನಮ್ಮ ಕಡೆ ಗೇರು ತೋಟದ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆದದ್ದು ಎಲ್ಲರಿಗೂ ಗೊತ್ತು. ನನ್ನ ತಂಗಿ ಅದರ ಸಂತ್ರಸ್ತರ ಪಟ್ಟಿಯಲ್ಲಿ ಇದ್ದಾಳೆ. ಪಟ್ಟಿಗೆ ಸೇರಿಸುವುದು, ತೆಗೆಯುವುದು, ಹಾಸಿಗೆ ಹಿಡಿದವರು, ಬುದ್ಧಿ ಬೆಳೆಯದವರು, ಕ್ಯಾನ್ಸರಿನವರು ಅಂತ ವಿಂಗಡಿಸುವುದು, ಎಲ್ಲ ನೋಡಿ ಆಗಿದೆ. ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಹೇಳಿತು, ಮೂರು ತಿಂಗಳ ಒಳಗೆ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ. 2022ರಲ್ಲಿ ಮತ್ತೆ ಅದೇ ಕೋರ್ಟಿಗೆ ಹೋದಾಗ ಹೊರಗೆ ಬಂದದ್ದು ಏನು? 3704 ಮಂದಿಯಲ್ಲಿ ದುಡ್ಡು ಸಿಕ್ಕಿದ್ದು ಎಂಟು ಜನಕ್ಕೆ, ಅದೂ ಕೋರ್ಟಿನ ಮೆಟ್ಟಿಲು ಹತ್ತಿದ ಆ ಎಂಟು ಜನಕ್ಕೇ. ಸರಕಾರ 200 ಕೋಟಿ ತೆಗೆದಿಟ್ಟಿತ್ತು, ಕೋರ್ಟು ಬೈದ ಮೇಲೆ ಉಳಿದವರಿಗೂ ಬಂತು. ಅಷ್ಟರಲ್ಲಿ ಎಷ್ಟು ಮಕ್ಕಳು ಹೋದರು ಅಂತ ಯಾರು ಲೆಕ್ಕ ಇಟ್ಟಿದ್ದಾರೆ.

ನಾನು ಹೇಳುವುದು ಇಷ್ಟೇ, ಈ ವ್ಯವಸ್ಥೆಗೆ ಮಗು ಕಾಣುವುದಿಲ್ಲ, ನಂಬರು ಮಾತ್ರ ಕಾಣುವುದು. ನಂಬರು ದೊಡ್ಡದಿದ್ದರೆ ಯಾರಾದರೂ ತಿರುಗಿ ನೋಡಿಯಾರು. ಮಲಗಿದ್ದಲ್ಲೇ ಇರುವವರನ್ನು ನೋಡಿಕೊಳ್ಳುವವರಿಗೆ ಆಶ್ವಾಸಕಿರಣಂ ಅಂತ ತಿಂಗಳಿಗೆ 600 ರೂಪಾಯಿ. ಅದೂ ಸರಿಯಾಗಿ ಬರುವುದಿಲ್ಲ. ನನ್ನ ಅಮ್ಮ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಂಗಿಯನ್ನು ತಿರುಗಿಸಿ ಮಲಗಿಸುವುದರಿಂದ ಶುರು, ರಾತ್ರಿ ತನಕ ಬೇರೆ ಕೆಲಸಕ್ಕೆ ಹೋಗುವ ಹಾಗಿಲ್ಲ. ಅದಕ್ಕೆ ದಿನಕ್ಕೆ 20 ರೂಪಾಯಿ. ಪೇಟೆಯಲ್ಲಿ ಎರಡು ಚಾ ಕುಡಿದರೆ ಮುಗಿಯಿತು.

ನಿಮ್ಮ ಮಗ ಹುಷಾರಿದ್ದಾನೆ, ಸಂತೋಷ. ಆದರೆ ನಾಳೆ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿ 40ಕ್ಕಿಂತ ಕೆಳಗೆ ಬಂದ ಅಂತ ಇಟ್ಟುಕೊಳ್ಳಿ. ಪೆನ್ಶನೂ ಇಲ್ಲ, ಪರೀಕ್ಷೆಗೆ ವಿನಾಯಿತಿಯೂ ಇಲ್ಲ, ದೊಡ್ಡವನಾದ ಮೇಲೆ ಕೆಲಸದ ಮೀಸಲಾತಿಯೂ ಇಲ್ಲ. ಓದು ಮಾತ್ರ ಹಾಗೇ ಕಷ್ಟ. ಆಗ ಏನು ಮಾಡುತ್ತೀರಿ?

———

ಅಕ್ಷಯದ ಹುಡುಗ:

ಅಣ್ಣ ಹೇಳಿದ ಹೆದರಿಕೆ ಸುಳ್ಳಲ್ಲ, ಆದರೆ ಗೆರೆ ಎಲ್ಲಿ ಎಳೆದಿದ್ದಾರೆ ಅಂತ ನೋಡಬೇಕು. ನಾನು ಅಕ್ಷಯ ಕೇಂದ್ರದಲ್ಲಿ ಕೂತು ದಿನಾ ಇಂಥ ಅರ್ಜಿ ಹಾಕುವವನು.

ನಮ್ಮಲ್ಲಿ ಗೆರೆ ಇರುವುದು ಎರಡೇ ಕಡೆ. 40 ಮತ್ತು 80. ಯುಡಿಐಡಿ ಅಂದರೆ ಅಂಗವಿಕಲರ ಗುರುತಿನ ಕಾರ್ಡು, ಅದರ ಬಣ್ಣವೂ ಹಾಗೇ. 40ಕ್ಕಿಂತ ಕೆಳಗೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಕೇರಳದ ಪೆನ್ಶನ್‌ಗೆ 40 ಸಾಕು, ಮನೆಯ ವಾರ್ಷಿಕ ಆದಾಯ 1 ಲಕ್ಷ ಮೀರಬಾರದು. 1600 ಇದ್ದದ್ದು 2025ರ ನವೆಂಬರಿನಿಂದ 2000 ಆಗಿದೆ. ಕೇಂದ್ರದ ಪೆನ್ಶನ್‌ಗೆ 80 ಬೇಕು, ವಯಸ್ಸು 18 ಆಗಿರಬೇಕು, ಬಿಪಿಎಲ್ ಇರಬೇಕು. ಅದಕ್ಕೆ ದಿಲ್ಲಿಯಿಂದ ಬರುವುದು ತಿಂಗಳಿಗೆ 300 ರೂಪಾಯಿ. 2012ರಿಂದ ಅದು 300ರಲ್ಲೇ ನಿಂತಿದೆ. ಅದಕ್ಕಾಗಿ ಯಾರೂ 80 ಮಾಡಿಸಲಿಕ್ಕೆ ಓಡಬೇಕಾಗಿಲ್ಲ ಬಿಡಿ.

ಈಗ ಅಕ್ಕನ ಮಗನ ಲೆಕ್ಕ. ಬೌದ್ಧಿಕ ಅಂಗವೈಕಲ್ಯಕ್ಕೆ 75, 50 ಅಂತ ಬರುವುದು ಡಾಕ್ಟರರ ಅಂದಾಜಲ್ಲ. 2018ರ ಕೇಂದ್ರದ ಮಾರ್ಗಸೂಚಿಯಲ್ಲಿ ಮೆಟ್ಟಿಲು ಕಟ್ಟಿದ್ದಾರೆ. ತಾಯಿಯ ಹತ್ತಿರ ಕೇಳುವ ಪ್ರಶ್ನೆಗಳಿವೆಯಲ್ಲ, ತಾನೇ ಅಂಗಿಯ ಗುಂಡಿ ಹಾಕುತ್ತಾನಾ, ಸ್ನಾನ ಮಾಡುತ್ತಾನಾ, ಹತ್ತಿರದ ಅಂಗಡಿಯಿಂದ ಸಾಮಾನು ತರುತ್ತಾನಾ ಅಂತ, ಆ ಅಂಕ 36ರಿಂದ 54 ಬಂದರೆ ಮಧ್ಯಮ, ಶೇಕಡಾ 75. 55ರಿಂದ 69 ಬಂದರೆ ಸೌಮ್ಯ, ಶೇಕಡಾ 50. 70ರಿಂದ 84 ಬಂದರೆ ಗಡಿರೇಖೆ, ಅದಕ್ಕೆ 25. ನಡುವೆ 60, 65 ಅಂತ ಏನೂ ಇಲ್ಲ. ಹಾಗಾಗಿ 75ರಿಂದ 50ಕ್ಕೆ ಬಂದರೆ ಕಾರ್ಡು ಹಳದಿಯೇ, ಪೆನ್ಶನ್ ಹಾಗೇ, ಮೀಸಲಾತಿ ಹಾಗೇ. ಅಪಾಯ ಇರುವುದು 25ಕ್ಕೆ ಬಿದ್ದರೆ. ಅದೂ ತಾಯಿಗೆ ಪ್ರಶ್ನೆ ಅರ್ಥ ಆಗದೆ 'ಹೌದು ಹೌದು' ಅಂದರೆ ಆಗುವುದುಂಟು! ಅರ್ಧ ಅರ್ಥ ಆದರೆ ನಂಬರು ಆಚೆಗೂ ಓಡುತ್ತದೆ, ಈಚೆಗೂ ಓಡುತ್ತದೆ. ಹಾಗಾಗಿ ಭಾಷೆ ಗೊತ್ತಿರುವವರು ಬೇಕು ಅಂತ ಕೇಳುವುದರಿಂದ ನಿಮಗೆ ನಷ್ಟ ಇಲ್ಲ, ಬಚಾವೇ.

ಕೇಳುವ ಹಕ್ಕಿನ ವಿಷಯ. ಕನ್ನಡ ಬರುವ ಸೈಕಾಲಜಿಸ್ಟ್ ಕೊಡಲೇಬೇಕು ಅಂತ ನೇರವಾಗಿ ಬರೆದ ಸಾಲು ನನಗೆ ಎಲ್ಲಿಯೂ ಕಾಣಲಿಲ್ಲ. ಆದರೆ ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಪ್ರಕಾರ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರಕಾರಿ ಕಚೇರಿಗಳಿಗೆ ನಾವು ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಅದನ್ನೇ ಹಿಡಿದು ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ಕನ್ನಡದಲ್ಲಿ ಅರ್ಜಿ ಕೊಡಿ. ಮಗುವಿಗೆ ಮಲಯಾಳ ಬರುವುದಿಲ್ಲ, ಪರೀಕ್ಷೆಯ ದಿನ ಕನ್ನಡ ಅಥವಾ ತುಳು ಬಲ್ಲ ಸಿಬ್ಬಂದಿ ಜೊತೆಗಿರಲಿ, ಹಲಗೆಯ ಪರೀಕ್ಷೆಯ ಹಾಗೆ ಮಾತು ಬೇಡದ ಪರೀಕ್ಷೆಗಳಿಗೆ ಒತ್ತು ಕೊಡಿ ಅಂತ. ಆಸ್ಪತ್ರೆಯಲ್ಲಿ ಕನ್ನಡ ಬರುವ ನರ್ಸು ಒಬ್ಬರಾದರೂ ಇರುತ್ತಾರೆ, ಕೇಳಿದರೆ ಕರೆಸುತ್ತಾರೆ.

ಇನ್ನೊಂದು ದಾರಿಯೂ ಉಂಟು. ಅಂಗವಿಕಲರ ಹಕ್ಕುಗಳ 2017ರ ನಿಯಮಗಳ 17ನೇ ನಿಯಮದಲ್ಲಿ ವಾಸವಿರುವ ಜಿಲ್ಲೆಯಲ್ಲಿ ಅಥವಾ ಆ ತೊಂದರೆಗೆ ಚಿಕಿತ್ಸೆ ಪಡೆಯುತ್ತಿರುವ ಸರಕಾರಿ ಆಸ್ಪತ್ರೆಯಲ್ಲಿ ಅರ್ಜಿ ಹಾಕಬಹುದು ಅಂತ ಇದೆ. ಮಂಗಳೂರಿನ ಸರಕಾರಿ ಆಸ್ಪತ್ರೆಯಲ್ಲಿ ತೋರಿಸುತ್ತಿದ್ದರೆ ಅದನ್ನೂ ವಿಚಾರಿಸಿ. ಸರ್ಟಿಫಿಕೇಟ್ ದೇಶದಲ್ಲಿ ಎಲ್ಲಿ ಮಾಡಿಸಿದರೂ ಎಲ್ಲ ಕಡೆ ನಡೆಯುತ್ತದೆ, ಟೀಚರ್ ಹೇಳಿದ 2016ರ ಕಾಯ್ದೆಯ 58ನೇ ಸೆಕ್ಷನಿನಲ್ಲೇ ಇದೆ. ಖಾಸಗಿ ಆಸ್ಪತ್ರೆಯ ರಿಪೋರ್ಟು ಸರ್ಟಿಫಿಕೇಟ್ ಆಗುವುದಿಲ್ಲ, ಆದರೆ ಮೆಡಿಕಲ್ ಬೋರ್ಡಿನ ಮುಂದೆ ಇಡಬಹುದು. ಬಂದ ಪರ್ಸೆಂಟ್ ಸರಿ ಇಲ್ಲ ಅಂತ ಕಂಡರೆ 59ನೇ ಸೆಕ್ಷನ್ ಪ್ರಕಾರ ಅಪೀಲೂ ಉಂಟು.

ಆಧಾರಿನ ಹೆಸರು, ಶಾಲೆಯ ಹೆಸರು ಒಂದೇ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ಕನ್ನಡದ ಹೆಸರು ಮಲಯಾಳಕ್ಕೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬರುವಾಗ ಎಂತೆಂತದೋ ಆಗಿರುತ್ತದೆ. ನಮ್ಮಲ್ಲಿ ಅರ್ಧ ಅರ್ಜಿ ವಾಪಸ್ ಬರುವುದೇ ಅದಕ್ಕೆ.

———

ಎಣ್ಮಕಜೆಯವ:

40, 80ರ ವಿಷಯ ಬಿಡಿಸಿ ಹೇಳಿದ್ದು ಒಳ್ಳೆಯದಾಯಿತು ತಮ್ಮ. ಆದರೂ 25ಕ್ಕೆ ಬೀಳಿಸುವ ಡಾಕ್ಟರರೂ ಇದ್ದಾರೆ. ಅಕ್ಕ ಜಾಗ್ರತೆ ಇರಲಿ ಅಂತಲೇ ನಾನು ಹೇಳುವುದು.

———

ಕಣ್ಣು ಕಾಣದ ಗುಮಾಸ್ತ:

ನಾನು ಸ್ವತಃ ಅಂಗವಿಕಲ. ಹುಟ್ಟಿನಿಂದ ದೃಷ್ಟಿ ಇಲ್ಲ, ಮಂಜೇಶ್ವರದವನು, ಈಗ ಸರಕಾರಿ ಕೆಲಸದಲ್ಲಿ ಇದ್ದೇನೆ. ಇಲ್ಲಿ ಎಲ್ಲ ಬರೆದದ್ದನ್ನು ಫೋನಿನಲ್ಲಿ ಓದಿಸಿ ಕೇಳಿದೆ. ಎಲ್ಲರೂ ಪರ್ಸೆಂಟ್ ಬಗ್ಗೆ ಮಾತಾಡಿದ್ದೀರಿ. ಹುಡುಗನಿಗೆ ಎಲ್ಲಿ ಓದಬೇಕು ಅಂತ ಇದೆ, ಯಾರಾದರೂ ಕೇಳಿದ್ದೀರಾ? ಒಂಬತ್ತು ವರ್ಷದವನು, 24 ಬಾಟ್ಲಿ ಎಣಿಸುವವನು, ಅವನಿಗೆ ಅಭಿಪ್ರಾಯ ಇರುವುದಿಲ್ಲವಾ? ಅಂಗವಿಕಲರ ಹಕ್ಕುಗಳ ಬಗ್ಗೆ ಇರುವ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರಲ್ಲೇ ಸಹಿ ಹಾಕಿದೆ. ಅದರಲ್ಲಿ ಅಂಗವಿಕಲ ಮಕ್ಕಳ ಅಭಿಪ್ರಾಯಕ್ಕೂ ಬೆಲೆ ಕೊಡಬೇಕು ಅಂತ ಇದೆ. ನಮ್ಮ ಮನೆಗಳಲ್ಲಿ ಆ ಮಾತು ತೆಗೆದರೆ ನಗುತ್ತಾರೆ.

ಭಾಷೆಯ ವಿಷಯದಲ್ಲಿ ನನ್ನದೂ ಒಂದು ಇದೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ನನಗೆ ಬರೆದುಕೊಡುವವರು ಬೇಕಿತ್ತು. ಕೊಟ್ಟರು. ಆ ಹುಡುಗನಿಗೆ ಕನ್ನಡ ಮಾತಾಡಲಿಕ್ಕೆ ಬರುತ್ತಿತ್ತು, ಬರೆಯಲಿಕ್ಕೆ ತಡವರಿಸುತ್ತಿದ್ದ. ಸಮಾಜ ವಿಜ್ಞಾನದಲ್ಲಿ ನಾನು ಹೇಳಿದ್ದು ಒಂದು ಪುಟ, ಅವನು ಬರೆದದ್ದು ನಾಲ್ಕು ಸಾಲು. ಒತ್ತಕ್ಷರ ಬಂದರೆ ಅಲ್ಲೇ ನಿಲ್ಲುತ್ತಿದ್ದ, 'ಇದನ್ನು ಬಿಟ್ಟು ಬೇರೆ ಹೇಳು' ಅನ್ನುತ್ತಿದ್ದ. ನನಗೆ ಗೊತ್ತಿದ್ದದ್ದನ್ನು ಬಿಟ್ಟು ಅವನಿಗೆ ಬರೆಯಲಿಕ್ಕೆ ಬರುವುದನ್ನು ಹೇಳಬೇಕಾಗಿ ಬಂತು. ದಾಖಲೆಯಲ್ಲಿ ಮಾತ್ರ 'ಸೌಲಭ್ಯ ನೀಡಲಾಗಿದೆ'.

ಈಗ ಸ್ವಲ್ಪ ಸುಧಾರಿಸಿದೆ. ಅಂಗವಿಕಲರು ಪರೀಕ್ಷೆ ಬರೆಯುವ ಬಗ್ಗೆ 2018ರಲ್ಲಿ ಬಂದ ಮಾರ್ಗಸೂಚಿಯಲ್ಲಿ ಬರೆಯುವವರನ್ನು ನಾವೇ ಕರೆದುಕೊಂಡು ಹೋಗಬಹುದು ಅಂತ ಆಗಿತ್ತು, ಗಂಟೆಗೆ 20 ನಿಮಿಷ ಹೆಚ್ಚು ಸಮಯವೂ ಉಂಟು. ಎಣ್ಮಕಜೆ ಅಣ್ಣನಿಗೆ ಒಂದು ಮಾತು. 40ಕ್ಕಿಂತ ಕಡಿಮೆ ಬಂದರೆ ಎಲ್ಲ ಮುಗಿಯಿತು ಅಂತ ಇಲ್ಲ. 2021ರ ಫೆಬ್ರವರಿಯಲ್ಲಿ ಯುಪಿಎಸ್‌ಸಿ ವಿರುದ್ಧದ ವಿಕಾಸ್ ಕುಮಾರ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ, ಬರೆಯಲು ಸಹಾಯಕ ಬೇಕು ಅಂತ ಕೇಳಲಿಕ್ಕೆ ಶೇಕಡಾ 40 ಇರಲೇಬೇಕು ಅಂತ ಹಟ ಮಾಡಬಾರದು ಅಂತ. ಆ ಅಭ್ಯರ್ಥಿಗೆ ಇದ್ದದ್ದು ಬರೆಯುವಾಗ ಕೈ ಸೆಟೆಯುವ ತೊಂದರೆ. ಪೆನ್ಶನ್, ಮೀಸಲಾತಿಗೆ 40ರ ಗೆರೆ ಸರಿ. ಶಾಲೆಯಲ್ಲಿ, ಪರೀಕ್ಷೆಯಲ್ಲಿ ಬೇಕಾದ ಅನುಕೂಲ ಅದರಿಂದ ಬೇರೆ.

ಮತ್ತೆ, ತೊಂದರೆ ಜಾಸ್ತಿ ತೋರಿಸಿದರೆ ಲಾಭ ಅಂತ ಮಕ್ಕಳ ಎದುರು ಮಾತಾಡುವುದನ್ನು ದಯವಿಟ್ಟು ನಿಲ್ಲಿಸಿ. 'ಡಾಕ್ಟರ್ ಕೇಳಿದರೆ ಏನೂ ಕಾಣುವುದಿಲ್ಲ ಅನ್ನು' ಅಂತ ನನಗೂ ಹೇಳಿಕೊಟ್ಟಿದ್ದರು. ನನಗೆ ಹೇಗಿದ್ದರೂ ಏನೂ ಕಾಣುವುದಿಲ್ಲ, ಅದಕ್ಕೂ ತರಬೇತಿ!

———

ನೀರ್ಚಾಲು ಅಮ್ಮ:

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಸರ್, ನೀವು ಹೇಳಿದ ಮೇಲೆ ರಾತ್ರಿ ಊಟಕ್ಕೆ ಕೂತಾಗ ಮಗನ ಹತ್ತಿರ ಕೇಳಿದೆ. ಬಡ್ಸ್ ಶಾಲೆಗೆ ವ್ಯಾನ್ ಬರುತ್ತದಾ ಅಂತ ಕೇಳಿದ. ಬರುತ್ತದೆ ಅಂದೆ. ಹಾಗಾದರೆ ವ್ಯಾನಿನಲ್ಲಿ ಈಗಿನ ಶಾಲೆಗೆ ಹೋಗುತ್ತೇನೆ ಅಂದ. ನಮ್ಮ ಯಜಮಾನರಿಗೆ ನಗು ತಡೆಯಲಿಲ್ಲ.

ಟೀಚರ್ ಹೇಳಿದ ಹಾಗೆ ಶಾಲೆಗೆ ಬರೆದು ಕೊಡುತ್ತೇನೆ. ಆಸ್ಪತ್ರೆಗೂ ಕನ್ನಡದಲ್ಲಿ ಅರ್ಜಿ ಬರೆಯುತ್ತೇನೆ. ಅವನು ಹಾಲು ಕೊಡುವುದು, ಬಾಟ್ಲಿ ಜೋಡಿಸುವುದು ಎಲ್ಲ ಫೋನಿನಲ್ಲಿ ವಿಡಿಯೋ ಮಾಡಿ ಇಡಲಾ? ತೋರಿಸಿದರೆ ನೋಡುತ್ತಾರಾ? ಅವನಿಗೆ ಆಗದ್ದು ಎಂತ ಅಂತಲೂ ಬರೆದುಕೊಂಡು ಹೋಗುತ್ತೇನೆ, ಚಿಲ್ಲರೆ ಲೆಕ್ಕ ಆಗುವುದಿಲ್ಲ, ಗಡಿಯಾರ ನೋಡಲಿಕ್ಕೆ ಬರುವುದಿಲ್ಲ, ಹೊಸಬರು ಕರೆದರೆ ಹಿಂದೆ ಹೋಗಿಬಿಡುತ್ತಾನೆ. ಅದು ನನಗೆ ದೊಡ್ಡ ಹೆದರಿಕೆ.

———

ಅಕ್ಷಯದ ಹುಡುಗ:

ವಿಡಿಯೋ ಮಾಡಿ ಅಕ್ಕ, ಚಿಕ್ಕದು ಸಾಕು, ಒಂದು ನಿಮಿಷದ್ದು. ನೋಡುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ನಾನು ಕಂಡ ಹಾಗೆ ಹೆಚ್ಚಿನವರು ನೋಡುತ್ತಾರೆ. ಆಗದ್ದನ್ನು ಬರೆದುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು, ಅಲ್ಲಿ ಕೂತಾಗ ಮರೆತು ಹೋಗುತ್ತದೆ. ಹೊಸಬರ ಹಿಂದೆ ಹೋಗುವ ವಿಷಯ ಮೊದಲ ಸಾಲಿನಲ್ಲೇ ಬರಲಿ.

ಹಳೇ ಸರ್ಟಿಫಿಕೇಟ್, ಆಧಾರ್, ರೇಷನ್ ಕಾರ್ಡ್, ಎರಡು ಫೋಟೋ ಹಿಡಿದುಕೊಂಡು ಬನ್ನಿ, ಪೋರ್ಟಲಿನಲ್ಲಿ ನಾನೇ ಹಾಕಿ ಕೊಡುತ್ತೇನೆ. ಆಸ್ಪತ್ರೆಗೆ ಕೊಡುವ ಅರ್ಜಿಗೆ ಎರಡು ಪ್ರತಿ ಮಾಡಿ. ಒಂದಕ್ಕೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. 'ಮಲಯಾಳದಲ್ಲಿ ಬರೆದು ತನ್ನಿ' ಅಂದರೆ, ಹಾಗಂತ ಅರ್ಜಿಯ ಮೇಲೆ ಬರೆದು ಕೊಡಿ ಅಂತ ಕೇಳಿ. ಯಾರೂ ಬರೆದು ಕೊಡುವುದಿಲ್ಲ, ಅರ್ಜಿ ತೆಗೆದುಕೊಳ್ಳುತ್ತಾರೆ.